ಗಾರೆ ಮೇಸ್ತ್ರಿ ಮನೆಯ ಆಮೆ

ಗಾರೆ ಮೇಸ್ತ್ರಿಯ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ಗಂಡ ಅವಳ ಕಿವಿಯಲ್ಲಿ ಪಿಸುಗುಟ್ಟಿದ ಗುಟ್ಟು ಪ್ರೀತಿಯದೇನೂ ಆಗಿರಲಿಲ್ಲ.

"ನೋಡು, ಈ ಮನೇಲಿ ಬಿರುಕು ಅನ್ನೋ ಮಾತು ಆಡ್ಬೇಡ. ಅಪ್ಪ ಕೇಳಿಸ್ಕೊಂಡ್ರೆ ಊಟ ಬಿಡ್ತಾರೆ."

"ಮತ್ತೆ ಗೋಡೆ ಬಿರುಕು ಬಿಟ್ರೆ ಏನಂತೀರಿ?"

"ನಮ್ಮನೇಲಿ ಬಿಡಲ್ಲ."

ಸುಳ್ಳಲ್ಲ. ಅವಳ ಮಾವ ಸವರಿದ ಗೋಡೆಯ ಮೇಲೆ ಕೂತ ನೊಣ ಜಾರಿ ಬೀಳುತ್ತದೆಂದು ಬೀದಿಯಲ್ಲಿ ಮಾತಿತ್ತು. ಪಾಯ ತೋಡಿದವರು ಯಾರೋ, ಇಟ್ಟಿಗೆ ಇಟ್ಟವರು ಯಾರೋ, ಕೊನೆಗೆ ಗಾರೆ ಬಳಿಯಲು ಮಾತ್ರ ದೊಡ್ಡ ಮೇಸ್ತ್ರಿಯೇ ಬೇಕು. ಅವರು ಕರಣೆ ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಒಮ್ಮೆ ಕೈ ಆಡಿಸಿದರೆ ಸಾಕು, ಗೋಡೆ ಮುಖ ತೊಳೆಸಿಕೊಂಡ ಮಗುವಿನ ಹಾಗೆ ತೆಪ್ಪಗಾಗುತ್ತಿತ್ತು. ಯಾರದಾದರೂ ಮದುವೆಗೆ ಹೋದರೆ ಅವರು ಗಂಡು-ಹೆಣ್ಣುಗಳನ್ನು ನೋಡುವ ಮುಂಚೆ ಗೋಡೆಗೆ ಅಂಗೈ ಒತ್ತಿ ನೋಡುವರು. "ಹುಡುಗನೇನೋ ಪರವಾಗಿಲ್ಲ," ಎನ್ನುವರು ವಾಪಸು ಬರುವಾಗ, "ಆದ್ರೆ ಅವರ ಮನೆ ಮೂಲೆ ಡೊಂಕು. ಹೆಣ್ಣಿನ ಕಡೆಯೋರು ನೋಡ್ಕೋಬೇಕಿತ್ತು."

ಮೊಣಕಾಲು ಏಣಿ ಹತ್ತಲು ಒಲ್ಲೆ ಎಂದ ಮೇಲೆ ಕೆಲಸವನ್ನು ಮಗನಿಗೆ ಬಿಟ್ಟಿದ್ದರು. ಕಾಲಿಗೇನೋ ರಜೆ ಸಿಕ್ಕಿತು, ಕೈಗೆ ಸಿಗಲಿಲ್ಲ. ಬೇರೆಯವರ ಜೇಬಿನಲ್ಲಿ ಕನ್ನಡಕವಿರುವ ಹಾಗೆ ಅವರ ಜೇಬಿನಲ್ಲಿ ಅಂಗೈಯಗಲದ ಪುಟ್ಟ ಕರಣೆ, ಒಂದು ಚೂರು ಸ್ಪಂಜು ಸದಾ ಇರುತ್ತಿದ್ದವು. ತಟ್ಟೆಗೆ ಹಿಸುಕಿದ ಆಲೂಗಡ್ಡೆ ಬಡಿಸಿದರೆ ಮೊದಲು ಚಮಚದ ಬೆನ್ನಿನಿಂದ ಮಟ್ಟ ಮಾಡಿ, ತಲೆ ಓರೆ ಮಾಡಿ ನೋಡಿ, ಆಮೇಲೆ ಉಣ್ಣುವರು. ಬೆಣ್ಣೆ ಡಬ್ಬಿಯಂತೂ ಕನ್ನಡಿ. ಅದರೊಳಗೆ ಚಾಕು ಊರಲು ಮನೆಯವರಿಗೆ ಮನಸ್ಸೇ ಬರುತ್ತಿರಲಿಲ್ಲ; ಎಷ್ಟೋ ದಿನ ಎಲ್ಲರೂ ಬೆಣ್ಣೆಯಿಲ್ಲದೆ ತಿಂದು ಏಳುತ್ತಿದ್ದರು.

ಆದರೆ ಮಾವನ ಕೈಗಿಂತ ಗಟ್ಟಿಯಾದದ್ದು ಮಾವನ ಕಟ್ಟಳೆ. ಗಾರೆ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಅವರು ಹೇಳಿಕೊಡುತ್ತಿದ್ದರು: "ಕಂಡ್ಯಾ, ತುಂಬು. ತುಂಬಿದ್ಯಾ, ಬಾಯ್ಮುಚ್ಚು. ಬಾಯಿ ತೆರೆದ್ರೆ ಅದೂ ತೆರ್ಕೊಳುತ್ತೆ." ಗೋಡೆಗೆ ಮಾಡಿದ ಈ ಕಟ್ಟಳೆ ಕ್ರಮೇಣ ಮನೆಗೂ ಬಂದು, ಅಡುಗೆಮನೆಗೆ ನುಗ್ಗಿ, ಹಾಸಿಗೆಯವರೆಗೂ ಹಬ್ಬಿತ್ತು. ಹಾಲು ಸೀದರೆ ಯಾರೋ ಒಬ್ಬರು ಸದ್ದಿಲ್ಲದೆ ಪಾತ್ರೆ ಉಜ್ಜಿಡುವರು. ಯಾರು ಸೀಯಿಸಿದ್ದು, ಯಾರು ಉಜ್ಜಿದ್ದು, ಮಾತಿಲ್ಲ. ಅತ್ತೆಯ ತಂಗಿ ಈ ಮನೆಯ ಹೊಸ್ತಿಲು ತುಳಿದು ವರ್ಷಗಳಾಗಿದ್ದವು. ಯಾಕೆಂದು ಕೇಳಿದರೆ ಅತ್ತೆ ಸೂಜಿಗೆ ದಾರ ಪೋಣಿಸಲು ಕೂರುವರು, ಗಂಡ ಕಿಟಕಿಯಾಚೆ ನೋಡುವನು, ಮಾವ ಬೆಣ್ಣೆ ಡಬ್ಬಿ ಹತ್ತಿರಕ್ಕೆ ಎಳೆದುಕೊಳ್ಳುವರು.

ಸೊಸೆಯ ತವರಿನಲ್ಲಿ ಇದಕ್ಕೆ ತೀರಾ ತಿರುವುಮುರುವು. ಅಲ್ಲಿ ಏನೇ ಒಡೆದರೂ ಅಜ್ಜಿ ಅದಕ್ಕೊಂದು ಕಥೆ ಕಟ್ಟಿ ಅಟ್ಟದ ಮೇಲಿಡುತ್ತಿದ್ದಳು. ಕಿವಿ ಮುರಿದ ಲೋಟಕ್ಕೊಂದು ಕಥೆ, ಸೀಳಿದ ಬಾಗಿಲಿಗೊಂದು ಕಥೆ. ಅದರಲ್ಲಿ ಅವಳಿಗೆ ಇಷ್ಟವಾದದ್ದು ಆಮೆಯದು. ಮೊದಮೊದಲು ಆಮೆಯ ಬೆನ್ನು ಮೊಟ್ಟೆಯ ಹಾಗೆ ನುಣ್ಣಗಿತ್ತಂತೆ. ಒಂದು ದಿನ ಮೀನೊಂದು ಅದರ ಕಿವಿಯಲ್ಲಿ ಒಂದು ನಗೆಮಾತು ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿತಂತೆ. ಆಮೆ ನಗುವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿತು. ನಗು ಉಬ್ಬಿತು, ಉಬ್ಬಿತು, ಹೊರಗೆ ಬರಲು ಬಾಯಿ ಸಿಗದೆ ಬೆನ್ನನ್ನೇ ಬಿರಿಯಿಸಿತು. "ಅವತ್ತಿಂದ ನೋಡು, ಆಮೆ ಅಷ್ಟು ಮೆಲ್ಲಗೆ ನಡೆಯೋದು ಸೋಮಾರಿತನಕ್ಕಲ್ಲ. ಕುಲುಕಾಡಿದ್ರೆ ಮತ್ತೆ ನಗು ಬಂದ್ಬಿಡುತ್ತೆ ಅಂತ," ಎಂದು ಅಜ್ಜಿ ಮುಗಿಸುವಳು.

ಮದುವೆಗೆ ಮುಂಚೆ ಅವಳು ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದಳು. ಕೈ ಕಾಗದ ಸುತ್ತುತ್ತಿದ್ದರೆ ಕಣ್ಣು ಭಟ್ಟಿಯ ಕಡೆಗೇ. ಅಲ್ಲಿ ನೋಡಿ ನೋಡಿ ಕಲಿತ ಒಂದು ಬ್ರೆಡ್ಡು ಅವಳ ಅಜ್ಜಿಯ ಆಮೆಯನ್ನೇ ಹೋಲುತ್ತಿತ್ತು. ಮಾಡುವುದೇನೂ ಕಷ್ಟವಲ್ಲ. ಮೈದಾ ಹಿಟ್ಟನ್ನು ಯೀಸ್ಟ್ ಹಾಕಿ ನಾದಿ, ಉಬ್ಬಿಸಿ, ಉದ್ದುಂಡೆ ಮಾಡಿಡುವುದು. ಅಕ್ಕಿಹಿಟ್ಟಿಗೆ ಒಂದಿಷ್ಟು ಸಕ್ಕರೆ, ಎಣ್ಣೆ, ಯೀಸ್ಟ್, ಉಗುರುಬೆಚ್ಚನೆ ನೀರು ಬೆರೆಸಿ ಗಟ್ಟಿ ಲೇಪ ಕಲಸಿ, ಉಂಡೆಯ ಬೆನ್ನಿಗೆ ದಪ್ಪಗೆ ಬಳಿಯುವುದು. ಒಳಗಿನ ಮೈದಾ ಉಬ್ಬುತ್ತಾ ಹೋಗುತ್ತದೆ. ಹೊರಗಿನ ಅಕ್ಕಿಹಿಟ್ಟಿಗೆ ಹಿಗ್ಗುವ ಗುಣವೇ ಇಲ್ಲ. ಒಳಗಿನವನು ಬೆಳೆದ, ಹೊರಗಿನವನು ಮುನಿದ, ಅಷ್ಟೇ. ಲೇಪ ಬಿರಿದು ಬಿಲ್ಲೆಬಿಲ್ಲೆಯಾಗಿ, ಓವನ್ನಿನಲ್ಲಿ ಹೊಂಬಣ್ಣಕ್ಕೆ ತಿರುಗಿ, ಆಮೆ ಎದ್ದು ಕೂರುತ್ತದೆ.

ಮೇಸ್ತ್ರಿ ಮನೆಯಲ್ಲಿ ಅವಳು ಅದನ್ನು ಮೊದಲ ಸಲ ಮಾಡಿದಾಗ ಅತ್ತೆ ಕಣ್ಣರಳಿಸಿ, "ಅಯ್ಯೋ, ಥೇಟ್ ಆಮೆ ಕಣೇ!" ಎಂದಿದ್ದರು. ಗಂಡ ಎರಡು ಹೋಳು ಹೆಚ್ಚಿಗೆ ತಿಂದ. ಮಾವ ಮಾತ್ರ ಬ್ರೆಡ್ಡನ್ನು ಒಮ್ಮೆ ನೋಡಿ, ಅತ್ತೆಯ ಕಡೆಗೆ ಕೆಂಗಣ್ಣು ಬಿಟ್ಟು, ಬ್ರೆಡ್ಡನ್ನು ಬೋರಲು ಹಾಕಿ ತಳದ ಕಡೆಯಿಂದ ಕೊಯ್ದುಕೊಂಡು ಮೌನವಾಗಿ ತಿಂದು ಎದ್ದಿದ್ದರು. ಆಮೇಲೂ ಪ್ರತಿ ಸಲ ಹಾಗೆಯೇ. ಮಾವನಿಗೆ ರುಚಿ ಹಿಡಿಸಿಲ್ಲವೆಂದು ಸೊಸೆ ಅಂದುಕೊಂಡಳು. ಮಾವ ಅಂದುಕೊಂಡಿದ್ದೇ ಬೇರೆ: ಪಾಪ, ಹುಡುಗಿ ಇನ್ನೂ ಕಲೀತಿದಾಳೆ, ಪ್ರತಿ ಸಲ ಒಡೆದುಹೋಗ್ತಿದೆ, ನನ್ನ ಹೆಂಡ್ತಿಯೊಬ್ಬಳು ಆಮೆ ಆಮೆ ಅಂತ ಹಂಗಿಸ್ತಾಳೆ. ಇಬ್ಬರೂ ತಾವಂದುಕೊಂಡದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಮನೆಯಲ್ಲಿ ಹೇಳುವುದು ಎಂಬ ಪದ್ಧತಿಯೇ ಇರಲಿಲ್ಲವಲ್ಲ.

ಬೀದಿಯ ತಿರುವಿನಲ್ಲಿ ಗಾಜಿನಕ್ಕನ ಚಹಾದಂಗಡಿ. ಬಾಗಿಲ ಬಳಿಯ ಗಾಜಿನ ಬೀರುವನ್ನು ದಿನಕ್ಕೆ ನೂರು ಸಲ ಒರೆಸುತ್ತಿದ್ದುದರಿಂದ ಆಕೆಗೆ ಆ ಹೆಸರು. ಒಮ್ಮೆ ಅತ್ತೆ ಒಯ್ದುಕೊಟ್ಟ ಆಮೆಯ ಹೋಳು ತಿಂದವಳು ಮಾರನೆಯ ದಿನ ಸೊಸೆಯನ್ನು ದಾರಿಯಲ್ಲೇ ಅಡ್ಡಗಟ್ಟಿದಳು.

"ಏ ಮೇಸ್ತ್ರಿ ಸೊಸೆ, ಬೀರು ಮೇಲಿನ ಹಲಗೆ ಖಾಲಿ ಮಾಡ್ತಿದೀನಿ. ಭಾನುವಾರ ಬೆಳಿಗ್ಗೆ ನಿನ್ನ ಆಮೆ ಎರಡು ತಂದು ತೋರ್ಸು. ಹೀಗೇ ಬಿಲ್ಲೆಬಿಲ್ಲೆಯಾಗಿದ್ರೆ ಹಲಗೆ ನಿಂದು, ದಿನಾ ತಗೋತೀನಿ. ಇಲ್ಲಾಂದ್ರೆ ಫ್ಯಾಕ್ಟರಿ ವ್ಯಾನಿನವನು ಅವತ್ತೇ ಬರ್ತಾನೆ, ಬನ್ನು ತುಂಬಿಸ್ಕೊಂಡುಬಿಡ್ತೀನಿ. ಆಮೇಲೆ ಅಕ್ಕ ಅಂತ ಗೋಗರೆದ್ರೆ ಆಗಲ್ಲ."

ಮೇಸ್ತ್ರಿ ಸೊಸೆ! ಮದುವೆಯಾಗಿ ಬಂದಾಗಿನಿಂದ ಬೀದಿಗೆ ಅವಳು ಅಷ್ಟೇ. ತರಕಾರಿಯವನಿಗೆ ಮೇಸ್ತ್ರಿ ಸೊಸೆ, ದರ್ಜಿಗೆ ಮೇಸ್ತ್ರಿ ಸೊಸೆ. ಮೊನ್ನೆ ಅವಳನ್ನು ಅಟ್ಟಿಸಿಕೊಂಡು ಬಂದ ನಾಯಿಗೆ ಕೂಡ ಅದರ ಯಜಮಾನ, "ಬಿಡೋ, ಮೇಸ್ತ್ರಿ ಸೊಸೆ ಅದು," ಎಂದಿದ್ದ. ಆ ಮೇಲಿನ ಹಲಗೆಯ ಮೇಲೆ ತನ್ನ ಆಮೆ ಕೂತಿರುತ್ತದೆ, ಗುರುತಿಲ್ಲದ ಯಾರೋ ಒಬ್ಬರು ಗಾಜಿಗೆ ಬೆರಳು ತಾಗಿಸಿ, "ಇದನ್ನ ಮಾಡಿದ್ದು ಯಾರು?" ಎಂದು ಕೇಳುತ್ತಾರೆ, ಆಗ ಮೇಸ್ತ್ರಿಯ ಹೆಸರೆತ್ತದೆ ತನ್ನನ್ನು ತೋರಿಸುತ್ತಾರೆ. ಆ ಒಂದು ಗಳಿಗೆಯನ್ನು ಅವಳು ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ ಎಷ್ಟು ಸಲ ಕಂಡಿದ್ದಳೆಂದರೆ, ಕೇಳುವವರ ಅಂಗಿಯ ಬಣ್ಣವೂ ಅವಳಿಗೆ ಗೊತ್ತಿತ್ತು. ತಿಳಿಹಸಿರು.

ಭಾನುವಾರ ಬೆಳಿಗ್ಗೆ ಎರಡು ಉಂಡೆ ಮಾಡಿ, ಲೇಪ ಬಳಿದು, ಕಿಟಕಿಯ ಪಕ್ಕ ಎಳೆಬಿಸಿಲು ಬೀಳುವಲ್ಲಿ ಉಬ್ಬಲು ಇಟ್ಟು ಅವಳು ಸ್ನಾನಕ್ಕೆ ಹೋದಳು. ತಲೆಗೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡು ಗಾಜಿನಕ್ಕನ ಮುಂದೆ ನಿಲ್ಲಲಾದೀತೆ?

ಅವಳು ತಲೆಗೆ ನೀರು ಸುರಿದುಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ನಡೆದದ್ದು ಅವಳಿಗೆ ಆಮೇಲೆ ಅತ್ತೆಯ ಬಾಯಿಂದ ತಿಳಿಯಿತು. ಅತ್ತೆ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ನೀರು ಕುಡಿಯಲು ಬಂದ ಮಾವ, ಲೋಟ ಬಾಯಿಗಿಟ್ಟವರು ಹಾಗೆಯೇ ನಿಂತರಂತೆ. ಉಂಡೆಗಳ ಬೆನ್ನಿನ ಮೇಲೆ ಲೇಪ ಆಗಲೇ ಸಣ್ಣಗೆ ಬಿರಿಯತೊಡಗಿತ್ತು. ಮೊದಲು ಒಂದು ಕೂದಲೆಳೆ, ಅದರಿಂದ ಕವಲೊಡೆದು ಇನ್ನೊಂದು.

"ಅಯ್ಯೋ ಮಗೂ," ಎಂದರಂತೆ ಮಾವ ನಿಟ್ಟುಸಿರಿಟ್ಟು. "ಬೇರೆ ದಿನ ಹೇಗೋ ಆಗ್ತಿತ್ತು. ಅಂಗಡಿಗೆ ತೋರ್ಸೋ ದಿನಾನೇ ಆಗ್ಬೇಕಿತ್ತಾ?"

ಬಟ್ಟಲಲ್ಲಿ ಉಳಿದಿದ್ದ ಲೇಪವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ತಲೆಯಾಡಿಸಿದರು. ಮಾಲಿನಲ್ಲಿ ಅಂಟೇ ಇಲ್ಲ. ಇಂಥ ಸಡಿಲ ಮಾಲು ಬಳಿದರೆ ಯಾವ ಗೋಡೆ ತಾನೇ ನಿಂತೀತು? ಮೈದಾ ಡಬ್ಬಿ ತೆರೆದು ಒಂದು ಹಿಡಿ ಹಾಕಿ ಚೆನ್ನಾಗಿ ಕಲಸಿದರು. ಜೇಬಿನಿಂದ ಕರಣೆ ಹೊರಬಂತು. ಸ್ಪಂಜು ಒದ್ದೆಯಾಯಿತು. ಒಂದೊಂದು ಬಿರುಕಿಗೂ ಲೇಪ ತುಂಬಿ, ಎರಡನೇ ಕೋಟು ಎಳೆದು, ಸ್ಪಂಜಿನಿಂದ ನಯ ಮಾಡಿ, ಬಗ್ಗಿ ಓರೆಗಣ್ಣಿನಿಂದ ಬೆಳಕು ನೋಡಿ, ಮತ್ತೆ ಎಳೆದರು. ಕೊನೆಗೆ ಹೊಸ ಗಾರೆಗೆ ನೀರು ಹೊಡೆಯುವ ಹಾಗೆ ಅಂಗೈಯಲ್ಲಿ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿದರು.

ಆಮೇಲೆ ಅತ್ತೆಯ ಕಡೆ ತಿರುಗಿ, "ನೀನೇನೂ ನೋಡಿಲ್ಲ," ಎಂದರಂತೆ.

"ಈ ಮನೇಲಿ ನಾನೇನು ನೋಡಿದೀನಿ ಇಲ್ಲೀತನಕ?" ಎಂದು ಅತ್ತೆ ದಾರ ಕಚ್ಚಿ ಕಡಿದರಂತೆ.

ಸೊಸೆ ಬಂದು ಬಟ್ಟೆ ತೆಗೆದಾಗ ಉಂಡೆಗಳು ಒದ್ದೆಯಾಗಿ, ನುಣ್ಣಗೆ, ಏನೂ ಅರಿಯದ ಕಂದಮ್ಮಗಳ ಹಾಗೆ ಮಲಗಿದ್ದವು. ಬಟ್ಟೆ ಹೊದಿಸಿದ್ದು ಅತ್ತೆ ಇರಬೇಕು ಅಂದುಕೊಂಡಳು. ಇನ್ನೂ ಬಿರಿದಿಲ್ಲ, ಬೆಳಗಿನ ಚಳಿಗೆ ನಾಚಿಕೊಂಡಿವೆ, ಒಳಗೆ ಹೋದರೆ ತಾವೇ ನಗುತ್ತವೆ. ಕಾದ ಓವನ್ನಿಗೆ ತಳ್ಳಿ, ಗಾಜಿನ ಮುಂದೆ ಮಂಡಿಯೂರಿ ಕೂತಳು. ಉಂಡೆ ಉಬ್ಬಿತು. ಬೆನ್ನು ಬಿಗಿಯಿತು. ಈಗ ಬಿರಿಯುತ್ತದೆ, ಇನ್ನೇನು ಬಿರಿಯಿತು ಎಂದು ಅವಳು ಉಸಿರು ಬಿಗಿಹಿಡಿದೇ ಇದ್ದಳು. ಬೆನ್ನು ಹೊಂಬಣ್ಣಕ್ಕೆ ತಿರುಗಿತು, ಗಟ್ಟಿಯಾಯಿತು, ಆದರೆ ಒಂದು ಗೆರೆ ಮೂಡಿದ್ದರೆ ಕೇಳಿ.

ಹೊರತೆಗೆದಿಟ್ಟಾಗ ಎರಡೂ ಬ್ರೆಡ್ಡುಗಳು ಎಣ್ಣೆ ಹಚ್ಚಿದ ಬೋಳುತಲೆಯ ಹಾಗೆ ಮಿರಮಿರ ಮಿಂಚುತ್ತಿದ್ದವು.

"ಯಾರಾದ್ರೂ ಮುಟ್ಟಿದ್ರಾ ಇದನ್ನ?" ಎಂದಳು ಸೊಸೆ.

ಅತ್ತೆ ಸೂಜಿಗೆ ದಾರ ಪೋಣಿಸಲು ಕೂತರು. ಆಗ ತಾನೇ ಎದ್ದು ಬಂದಿದ್ದ ಗಂಡ ಅಪ್ಪನ ಜೇಬಿನ ಮೇಲೆ ಒಣಗುತ್ತಿದ್ದ ಬಿಳಿಯ ಕಲೆ ನೋಡಿ, ಕಿಟಕಿಯಾಚೆ ನೋಡಿದ. ಮಾವ ಹತ್ತಿರ ಬಂದು ಬಿಸಿ ಬ್ರೆಡ್ಡಿನ ಬೆನ್ನಿನ ಮೇಲೆ ಅಂಗೈ ಆಡಿಸಿದರು. ಮುಖ ಹುಣ್ಣಿಮೆಯಾಗಿತ್ತು. "ಹೊತ್ತಾಗುತ್ತೆ, ನಡಿಯಮ್ಮ. ನಾನೂ ಬರ್ತೀನಿ," ಎಂದರು. ತಿಂಗಳುಗಟ್ಟಲೆ ಬೀದಿಗಿಳಿಯದಿದ್ದ ಮನುಷ್ಯ ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೊಸೆಗಿಂತ ಮುಂದೆ ಹೊರಟರು. ಕರಣೆ ಹಳೆಯ ಜೇಬಿನಿಂದ ಹೊಸ ಜೇಬಿಗೆ ಬಂತು.

ಹೋಗದೆ ಇರಬಹುದಿತ್ತು. ಆದರೆ ಹೋಗದಿದ್ದರೆ ಹಲಗೆ ವ್ಯಾನಿನವನದೇ. ಹೋದರೆ, ರುಚಿ ನೋಡಿಯಾದರೂ ಗಾಜಿನಕ್ಕನ ಮನಸ್ಸು ಕರಗೀತು. ಬಿಸಿಯಾರದ ಬ್ರೆಡ್ಡುಗಳನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಸೊಸೆ ಮಾವನ ಹಿಂದೆ ಕಾಲೆಳೆದಳು.

ಚಹಾದಂಗಡಿಯಲ್ಲಿ ಭಾನುವಾರದ ಜನ ತುಂಬಿತ್ತು. ಕ್ಷೌರದಂಗಡಿಯವನು ಎರಡನೇ ಲೋಟಕ್ಕೆ ಕಾಯುತ್ತಿದ್ದ.

"ಓಹೋ, ಮೇಸ್ತ್ರಿ ಸವಾರಿ ಬಂತು!" ಎಂದ ಅವನು. "ಗೋಡೆ ಹಿಡ್ಕೊಳ್ರಪ್ಪಾ, ಪರೀಕ್ಷೆಗೆ ಬಂದಿದಾರೆ."

"ಬಾರಮ್ಮ, ಎಲ್ಲಿ ನಿನ್ನ ಆಮೆ?" ಗಾಜಿನಕ್ಕ ತಾನೇ ಬಟ್ಟೆ ಎತ್ತಿದಳು. ನೋಡಿದಳು. ಬ್ರೆಡ್ಡನ್ನು ತಟ್ಟೆಯ ಸಮೇತ ತಿರುಗಿಸಿ ಆ ಕಡೆಯಿಂದ ನೋಡಿದಳು. "ಇದು ಆಮೆ ಅಲ್ವಲ್ಲೇ. ಆಮೆ ಇಟ್ಟ ಮೊಟ್ಟೆ!"

ಎಲ್ಲರೂ ನಕ್ಕರು.

ಮಾವ ಗಂಟಲು ಸರಿಮಾಡಿಕೊಂಡರು. "ಬೆಳಕಿಗೆ ಹಿಡಿದು ನೋಡಮ್ಮ. ಬೇಕಾದ್ರೆ ರಸಮಟ್ಟ ಇಟ್ಟು ನೋಡು. ಒಂದು ಕೂದಲೆಳೆ ಗೆರೆ ತೋರ್ಸು ನಂಗೆ."

"ಗೆರೆ ಇಲ್ವಲ್ಲಾ ಅಂತಾನೇ ಮೇಸ್ತ್ರಿ ನನ್ನ ಸಂಕಟ! ನಂಗೆ ಬೇಕಾಗಿದ್ದೇ ಬಿರುಕು."

ಕ್ಷೌರದಂಗಡಿಯವನು ಲೋಟ ಕೆಳಗಿಟ್ಟ. ಮೇಸ್ತ್ರಿಯ ಮುಖದ ಮುಂದೆ ಆ ಮಾತನ್ನು ಇಷ್ಟು ರಾಜಾರೋಷವಾಗಿ ಯಾರೂ ಆಡಿರಲಿಲ್ಲ.

"ಏನು ಬೇಕಾಗಿತ್ತು?" ಎಂದರು ಮಾವ ಮೆಲ್ಲಗೆ.

"ಬಿರುಕು. ಮೇಲೆಲ್ಲ ಒಡೆದು ಬಿಲ್ಲೆಬಿಲ್ಲೆಯಾಗಿ ಚೆಂದ ಕಾಣ್ಬೇಕು. ಜನ ಅದನ್ನ ನೋಡೇ ತಾನೆ ಕೊಳ್ಳೋದು?"

"ಜನ... ಕಾಸು ಕೊಟ್ಟು... ಅದನ್ನ?"

"ಹೂಂ ಮತ್ತೆ. ನುಣ್ಣಗಿರೋದು ಯಾರಿಗೆ ಬೇಕು? ಅದು ಫ್ಯಾಕ್ಟರೀಲೂ ಸಿಗುತ್ತೆ."

ಮಾವ ಕುರ್ಚಿ ಹುಡುಕಿ ಕೂತರು. ಸೊಸೆ ಅವರ ಮುಖ ನೋಡಿದಳು. ಅಲ್ಲಿ ಏನೋ ಕುಸಿಯುತ್ತಿತ್ತು, ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹೊರಗೆ ಫ್ಯಾಕ್ಟರಿಯ ವ್ಯಾನು ಹಾರ್ನ್ ಹೊಡೆಯಿತು. ಗಾಜಿನಕ್ಕ ಬೀರುವಿನ ಬಾಗಿಲು ತೆರೆದು ಮೇಲಿನ ಹಲಗೆಯನ್ನು ಒರೆಸತೊಡಗಿದಳು.

"ತಪ್ಪು ನಂದೇ ಅಕ್ಕ," ಎಂದಳು ಸೊಸೆ ನೆಲ ನೋಡುತ್ತಾ. "ದಿನಾ ಸರಿಯಾಗ್ತಿತ್ತು. ಇವತ್ತು ನನ್ನ ಕೈಯಲ್ಲೇ ಏನೋ ಎಡವಟ್ಟಾಯ್ತು."

ಮಾವ ತಲೆಯೆತ್ತಿದರು. ಬಾಯಿ ತೆರೆದರು, ಮುಚ್ಚಿದರು. ಸುತ್ತ ಕೂತವರಲ್ಲಿ ಅವರಿಂದ ಗೋಡೆ ಬಳಿಸಿಕೊಳ್ಳದವರು ಒಬ್ಬರೂ ಇರಲಿಲ್ಲ.

"ಅವಳ ಕೈಯಲ್ಲಿ ಏನೂ ಆಗಿಲ್ಲ," ಎಂದರು ಕೊನೆಗೆ. "ಬಿಟ್ಟಿತ್ತು. ಚೆನ್ನಾಗೇ ಬಿಟ್ಟಿತ್ತು."

"ಏನು ಬಿಟ್ಟಿತ್ತು ಮೇಸ್ತ್ರಿ?" ಕ್ಷೌರದಂಗಡಿಯವನಿಗೆ ಇಂಥ ಅವಕಾಶ ಮತ್ತೆ ಸಿಗಲಾರದೆಂದು ಗೊತ್ತಿತ್ತು.

"ಅದೇ."

"ಅದೇ ಅಂದ್ರೆ ಯಾವುದು?"

"ಬಿರುಕು ಕಣಯ್ಯಾ, ಬಿರುಕು!" ಮಾವ ಮೇಜು ಗುದ್ದಿ ಎದ್ದರು. "ಇವಳದ್ದು ಬಿರುಕು ಬಿಟ್ಟಿತ್ತು, ನಾನು ತುಂಬಿಬಿಟ್ಟೆ. ಮೈದಾ ಹಾಕಿ, ಕರಣೇಲಿ ಎಳೆದು, ನೀರು ಹೊಡೆದು. ಕೆಟ್ಟುಹೋಯ್ತು ಅಂದ್ಕೊಂಡು ಸರಿ ಮಾಡಿದೆ. ಸರಿ ಇದ್ದಿದ್ದನ್ನ ಸರಿ ಮಾಡ್ದೆ! ಸಾಕಾ?"

ಅಂಗಡಿ ಗಪ್‌ಚಿಪ್ ಆಯಿತು. ಸೊಸೆಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಗಂಟಲವರೆಗೆ. ಆದರೆ ಬೋರಲು ಹಾಕಿ ತಳದಿಂದ ಕೊಯ್ದುಕೊಂಡ ಎಲ್ಲ ಬ್ರೆಡ್ಡುಗಳೂ ಅವಳ ಕಣ್ಣ ಮುಂದೆ ಬಂದು, ಸಿಟ್ಟು ಅಲ್ಲೇ ದಾರಿ ತಪ್ಪಿ ನಿಂತಿತು.

ಆ ನಿಶ್ಶಬ್ದದಲ್ಲಿ ಕೇಳಿಸಿತು: ಚಿಟ್.

ಮೊದಲು ಕೇಳಿಸಿದ್ದು ಮಾವನಿಗೇ. ಆ ಸದ್ದಿಗೆ ಹೆದರಿಕೊಂಡೇ ಅವರು ಒಂದು ಜೀವಮಾನ ಕಳೆದಿದ್ದರು. ಬಾಗಿಲಿಂದ ಬೀಸಿದ ತಣ್ಣನೆ ಗಾಳಿ ಬಿಸಿ ಬ್ರೆಡ್ಡಿಗೆ ತಾಗಿ, ಒಳಗಿನ ಮೆದು ಕುಗ್ಗಿ, ಎರಡು ಕೋಟಿನ ಗಟ್ಟಿ ಬೆನ್ನು ಎತ್ತ ಹೋಗಲೂ ತಿಳಿಯದೆ ನಡುಮಧ್ಯೆ ಸೀಳಿತ್ತು. ಚಿಟ್, ಚಿಟಿಚಿಟಿ. ಒಂದು ಗೆರೆ ಓಡಿತು. ಅದಕ್ಕೆ ಅಡ್ಡಲಾಗಿ ಇನ್ನೊಂದು ಬಂತು. ಪಕ್ಕದ ಬ್ರೆಡ್ಡು ಇದನ್ನು ಕೇಳಿ ತಾನೂ ಶುರು ಹಚ್ಚಿಕೊಂಡಿತು.

"ಮೇಸ್ತ್ರೀ," ಎಂದ ಕ್ಷೌರದಂಗಡಿಯವನು ಮೆತ್ತಗೆ, "ನಮ್ಮಂಗಡಿ ಗೋಡೆ ಬಳಿದಿದ್ದು ನೀವೇ ಅಲ್ವಾ? ನಾನೊಂದ್ಸಲ ಹೋಗಿ ನೋಡ್ಕೊಂಡು ಬರ್ಲಾ?"

ಮಾವನ ಕೈ ಜೇಬಿಗೆ ಹೋಯಿತು. ಸೊಸೆ ಅದನ್ನು ನೋಡಿದಳು. ಮೇಜಿನ ಮೇಲೆ ನೀರಿನ ಲೋಟ ಬೇರೆ ಇತ್ತು. ಸ್ಪಂಜು ಅದ್ದಲು ಎಷ್ಟು ಹೊತ್ತು? ಎಲ್ಲರೆದುರು ಅವರ ಕೆಲಸ ಬಾಯಿ ಬಿಡುತ್ತಿದೆ. ಅದು ಬಾಯಿ ಬಿಟ್ಟರೆ ಅವಳಿಗೆ ಹಲಗೆ, ಮುಚ್ಚಿದರೆ ಅವರಿಗೆ ಮರ್ಯಾದೆ. ಬೆರಳುಗಳು ಕರಣೆಯನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು.

"ಮಾವ," ಎಂದಳು ಅವಳು. ಅಷ್ಟೇ.

ಕೈ ಹೊರಗೆ ಬಂತು. ಬರಿಗೈ. ಅದು ಎಲ್ಲಿಗೆ ಹೋಗಬೇಕೆಂದು ತೋಚದೆ ಹೋಗಿ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡಿತು.

"ಅಯ್ಯಯ್ಯೋ, ನೋಡ್ರೋ! ನನ್ನಂಗಡಿಗೆ ಬಂದು ಬಿರೀತಿದೆ!" ಗಾಜಿನಕ್ಕ ತಟ್ಟೆ ಎತ್ತಿಕೊಂಡಳು. ದಿನದ ಆಮೆಗಿಂತ ಈ ಬಿಲ್ಲೆಗಳು ಅಗಲವಾಗಿ, ಬಿರುಕುಗಳು ಆಳವಾಗಿ, ಭಾರೀ ಜೋರಾಗಿದ್ದವು. ಎರಡನ್ನೂ ಮೇಲಿನ ಹಲಗೆಯ ಮೇಲಿಟ್ಟು ಬಾಗಿಲು ಹಾಕಿದಳು. ಗಾಜಿನೊಳಗಿಂದ ಚಿಟಿಚಿಟಿ ಇನ್ನೂ ಕೇಳುತ್ತಿತ್ತು. ಜನ ಲೋಟ ಹಿಡಿದುಕೊಂಡೇ ಬಂದು ಕಿವಿಗೊಟ್ಟರು. ವ್ಯಾನಿನವನಿಗೆ ಕೆಳಗಿನ ಹಲಗೆ ಸಿಕ್ಕಿತು.

"ನಾಳೆಯಿಂದ ದಿನಾ ತಂದ್ಕೊಡು," ಎಂದಳು ಗಾಜಿನಕ್ಕ. "ಆದ್ರೆ ಥೇಟ್ ಹೀಗೇ ಇರ್ಬೇಕು."

ಸೊಸೆಯ ಎದೆ ಉಬ್ಬಿತು. ಆಗ, ದೇವರಾಣೆಗೂ ಆಗಲೇ, ಗುರುತಿಲ್ಲದ ಒಬ್ಬ ಮನುಷ್ಯ ಒಳಗೆ ಬಂದು, ಗುಂಪಿನೊಳಗೆ ತಲೆ ತೂರಿಸಿ, ಗಾಜಿಗೆ ಬೆರಳು ತಾಗಿಸಿದ. ಅವನ ಅಂಗಿ ತಿಳಿಹಸಿರು ಇರಲಿಲ್ಲ, ಕಂದು. ಪರವಾಗಿಲ್ಲ, ಅಷ್ಟು ಹೆಚ್ಚುಕಡಿಮೆ ಇದ್ದದ್ದೇ.

"ಇದನ್ನ ಮಾಡಿದ್ದು ಯಾರು?"

ಸೊಸೆ ಬಾಯಿ ತೆರೆದಳು.

"ನಮ್ಮ ಮೇಸ್ತ್ರಿ!" ಎಂದಿತು ಇಡೀ ಅಂಗಡಿ. "ಕರಣೇಲಿ ಬಳಿದಿದ್ದು ಸ್ವಾಮಿ, ಕರಣೇಲಿ!"

ಮನೆಗೆ ಬಂದ ಮೇಲೆ ಸುದ್ದಿ ಕೇಳಿದ ಅತ್ತೆ ಹೊಲಿಗೆ ಮಡಚಿಟ್ಟರು. "ಬಿರುಕು ಅಂದ್ರಾ? ಬಾಯಿಬಿಟ್ಟು? ಎಲ್ಲರ ಮುಂದೆ?"

"ಅಂದ್ರು ಅತ್ತೆ."

"ಹಾಗಾದ್ರೆ ಇನ್ಮೇಲೆ ಮಾತಾಡ್ಬಹುದು ಅಂತಾಯ್ತು," ಎಂದು ಅತ್ತೆ ಸೆರಗು ಸಿಕ್ಕಿಸಿ ಮಾವನ ಎದುರು ಕುರ್ಚಿ ಎಳೆದು ಕೂತರು. "ರೀ, ನ‌ಮ್ಮ ಕೋಣೇಲಿ ಆ ಬೀರು ಯಾಕೆ ಅರ್ಧ ಬಾಗಿಲಿಗೆ ಅಡ್ಡ ನಿಂತಿದೆ ಅಂತ ಮದುವೆಯಾದ ವರ್ಷದಿಂದ ನಾನು ಕೇಳಿಲ್ಲ. ಕೇಳಿಲ್ಲ ತಾನೆ? ಅದರ ಹಿಂದಿನ ಗೋಡೇಲಿ ಏನಿದೆ ಅಂತ ನಂಗೆ ಗೊತ್ತು. ಇಡೀ ಕೈ ಹೋಗುತ್ತೆ. ಅದಿರ್ಲಿ, ನಮ್ಮ ತಂಗಿ ಬಂದಾಗ ನೀವು ಅವಳ ಮನೆ ಮೂಲೆ ಬಗ್ಗೆ ಏನಂದ್ರಿ..."

ಮಾವ ಬೆಣ್ಣೆ ಡಬ್ಬಿಗೆ ಕೈ ಚಾಚಿದರು. ಅತ್ತೆ ಅದನ್ನು ಈಚೆಗೆ ಎಳೆದುಕೊಂಡು, ನಡುಮಧ್ಯೆ ಚಾಕು ಊರಿದರು. ಆ ಮಾತುಕತೆ ಸಂಜೆಯವರೆಗೂ ನಡೆಯಿತು. ಹೊರಗೆ ಹೋಗಿ ಕೂತ ಮಗ ಊಟಕ್ಕೂ ಒಳಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆ ಅಡುಗೆಮನೆಗೆ ಬಂದಾಗ ಮಾವ ಆಗಲೇ ತೋಳು ಮಡಚಿ ನಿಂತಿದ್ದರು. "ಥೇಟ್ ಹೀಗೇ ಇರ್ಬೇಕು ಅಂದಿದಾಳೆ ಆಯಮ್ಮ. ಎರಡು ಕೋಟು ಇಲ್ದೆ ಆ ಬಿಲ್ಲೆ ಬರಲ್ಲ. ನೀನು ಒಳಗಿಂದು ನೋಡ್ಕೋ ಮಗೂ, ಹೊರಗಿಂದು ನಂಗೆ ಬಿಡು."

ಬಿಡದೆ ಇರಲು ಆ ಮುಖ ಬಿಡಬೇಕಲ್ಲ. ಅಂಗಡಿಯಲ್ಲಿ ಮುಕ್ಕಾದ ಮರ್ಯಾದೆಯನ್ನು ರಾತ್ರಿಯೆಲ್ಲ ತಿರುಗಿಸಿ ನೋಡಿ, ಬೆಳಗಾಗುವುದರೊಳಗೆ ಮಾವ ಅದನ್ನು ಒಂದು ಹೊಸ ವಿದ್ಯೆಯಾಗಿ ಮಾಡಿಕೊಂಡಿದ್ದರು: ಬಿರುಕು ಬರದ ಹಾಗೆ ಬಳಿಯುವವರು ಹತ್ತು ಜನ ಸಿಕ್ಕಾರು, ಬೇಕೆಂದಲ್ಲಿ ಬರುವ ಹಾಗೆ ಬಳಿಯುವವನೇ ಮೇಸ್ತ್ರಿ.

ಅವರು ಮೈದಾ ಹಾಕಿದರು, ನಿನ್ನೆಗಿಂತ ಒಂದು ಹಿಡಿ ಜಾಸ್ತಿ. ಕರಣೆಯಲ್ಲಿ ಎಳೆದರು, ಸ್ಪಂಜಿನಿಂದ ಸವರಿದರು. ಪಾಪ, ಕೈಗೆ ಬೇರೇನೂ ಬರುತ್ತಿರಲಿಲ್ಲ. ನೋಡಿದರೇ ತಿಳಿಯುತ್ತಿತ್ತು, ಭೂಮಿ ಬಾಯ್ಬಿಟ್ಟರೂ ಈ ಬ್ರೆಡ್ಡು ಬಾಯ್ಬಿಡುವುದಿಲ್ಲ ಎಂದು.

"ಹೇಗಿದೆ?"

"ಚೆನ್ನಾಗಿದೆ ಮಾವ."

ಅವರು ಕರಣೆ ತೊಳೆಯಲು ಹಿತ್ತಲಿಗೆ ಹೋದರು. ಒಳ್ಳೆಯ ಮೇಸ್ತ್ರಿ ಕರಣೆ ತೊಳೆಯುವುದೆಂದರೆ ಚಿಕ್ಕ ಕೆಲಸವಲ್ಲ. ಹಿಡಿಯ ಸಂದಿಯನ್ನೂ ಕಡ್ಡಿ ಹಾಕಿ ಕೆರೆಯಬೇಕು. ಅಷ್ಟರಲ್ಲಿ ಸೊಸೆ ಚಾಕುವಿನ ಬೆನ್ನಿನಿಂದ ಎರಡೂ ಕೋಟನ್ನು ಹುಷಾರಾಗಿ ಕೆರೆದು ತೆಗೆದು, ಪಾತ್ರೆಗಳ ಹಿಂದೆ ಅಡಗಿಸಿಟ್ಟಿದ್ದ ತನ್ನ ಲೇಪ ಬಳಿದಳು. ಬರೀ ಅಕ್ಕಿಹಿಟ್ಟಿನದು, ಒಂಚೂರೂ ಅಂಟಿಲ್ಲದ್ದು. ಕೆರೆದದ್ದನ್ನು ಪುಟ್ಟ ಬಿಲ್ಲೆ ತಟ್ಟಿ ಬ್ರೆಡ್ಡಿನ ಪಕ್ಕದಲ್ಲೇ ಬೇಯಲು ಇಟ್ಟಳು. ಮಾವ ವಾಪಸು ಬಂದಾಗ ಓವನ್ನಿನ ಬಾಗಿಲು ಮುಚ್ಚಿತ್ತು.

ಇಬ್ಬರೂ ಗಾಜಿನ ಮುಂದೆ ಬಗ್ಗಿ ನಿಂತರು. ಬೆನ್ನು ಉಬ್ಬಿತು, ಬಿಗಿಯಿತು, ಸಣ್ಣಗೆ ಬಿರಿಯಿತು. ಮಾವ ಕಣ್ಣು ಮುಚ್ಚಿಕೊಂಡು, ಮತ್ತೆ ಒಂದೇ ಕಣ್ಣು ತೆರೆದು ನೋಡಿದರು. ಬಿಲ್ಲೆಬಿಲ್ಲೆಯಾಗಿ ಆಮೆ ಎದ್ದು ಬಂತು.

"ನೋಡಿದ್ಯಾ?" ಎಂದರು ಬೆನ್ನು ನೇರ ಮಾಡಿ. "ಕೈ!"

"ಹೌದು ಮಾವ," ಎಂದಳು ಸೊಸೆ.

ಗಾಜಿನಕ್ಕನಿಗೆ ಬಿಲ್ಲೆ ಚಿಕ್ಕದಾದರೇನು, ದೊಡ್ಡದಾದರೇನು, ಬಿರುಕು ಬಿರುಕೇ. ವಾರದೊಳಗೆ ಅವಳು ಮೇಲಿನ ಹಲಗೆಗೆ ಒಂದು ಚೀಟಿ ಅಂಟಿಸಿದಳು: ಮೇಸ್ತ್ರಿ ಬ್ರೆಡ್ಡು. ಅದನ್ನು ಓದಲು ಮಾವ ದಿನಾ ಬೆಳಿಗ್ಗೆ ಚಹಾ ಕುಡಿಯುವ ನೆಪದಲ್ಲಿ ಹೋಗತೊಡಗಿದರು.

ಅವರು ಹಾಗೆ ಹೋಗಿದ್ದ ಒಂದು ಬೆಳಿಗ್ಗೆ ಅತ್ತೆ ಕೆರೆದ ಲೇಪದ ಗರಿಗರಿ ಬಿಲ್ಲೆಯನ್ನು ಕಡಿಯುತ್ತಾ ಸೊಸೆಯ ಪಕ್ಕ ಬಂದು ನಿಂತರು. ಈಗ ಅವರಿಗೆ ಮಾತಿನ ರುಚಿ ಹತ್ತಿತ್ತು. ಮನೆಯ ಹಳೆಯ ಸರಕೆಲ್ಲ ಖಾಲಿಯಾಗಿ ಹೊಸದಕ್ಕೆ ಹುಡುಕುತ್ತಿದ್ದರು.

"ಎಲ್ಲಾ ನೋಡ್ತಿದೀನಿ ಕಣೇ, ಮೊದಲ್ನೇ ದಿನದಿಂದ," ಎಂದರು. "ಹೇಳ್ಬಿಡ್ಲಾ ಅವರಿಗೆ?"

ಸೊಸೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಅಜ್ಜಿಯ ಆಮೆ ನೆನಪಾಗಿ, ಹೊಟ್ಟೆಯೊಳಗೆ ನಗು ಕುಲುಕಿತು. ತುಟಿ ಬಿಗಿಹಿಡಿದು, ಒದ್ದೆ ಬಟ್ಟೆ ಹೊದಿಸಿ, ಉಂಡೆಯನ್ನು ಬಿಸಿಲಿನ ಕಡೆಗೆ ಮೆಲ್ಲಗೆ ಸರಿಸಿದಳು.

"ಈಗ್ಲೇ ಬೇಡ ಅತ್ತೆ," ಎಂದಳು. "ಇನ್ನೂ ಸ್ವಲ್ಪ ಉಬ್ಬಲಿ."